ಮಾದರಿಗೆಂದು ಹಾಕಿದ ಹನ್ನೆರಡು

ಸ್ನೇಹಿತರೇ, ಕ್ಲಿನಿಕ್ಕಿನಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆಯಬೇಡಿ. ಮಂಗಳೂರಿನ ಜೆಪ್ಪುವಿನ ಕ್ಲಿನಿಕ್ ಒಂದಕ್ಕೆ ಈಗ ಯಾರ ಸರದಿ ಎಂದು ತೋರಿಸುವ ಟೋಕನ್ ಆ್ಯಪ್ ಮಾಡುತ್ತಿದ್ದೇನೆ. ಇಂದು ಬೆಳಿಗ್ಗೆ ಅದರ ವಿನ್ಯಾಸ ತೋರಿಸಲು ಹೋಗಿದ್ದೆ. ನಂಬರ್ ಕಾಣಿಸುವ ಹಸಿರು ವೃತ್ತ ನಾನೇ ಕೋಡ್ ಬರೆದು ಮಾಡಿದ್ದು. ಆ್ಯಪ್ ಓಡಿಸುವ ಮೊದಲೇ ಅದರ ಬಣ್ಣ, ಗಾತ್ರ ಹೇಗೆ ಕಾಣುತ್ತದೆಂದು ತಿಳಿಯಲು ಡಿಸೈನ್ ಪ್ರಿವ್ಯೂನಲ್ಲಿ ಮಾದರಿಗೆ 12 ಎಂದು ಹಾಕಿದ್ದೆ.

ಹನ್ನೆರಡನೇ ಟೋಕನ್ ಹಿಡಿದು ಪಕ್ಕದಲ್ಲಿದ್ದ ಹಿರಿಯರೊಬ್ಬರು ಅದನ್ನು ಇಣುಕಿ ನೋಡಿದವರೇ ಎದ್ದು ಸೀದಾ ಡಾಕ್ಟರ ಕೋಣೆಗೆ ಹೊರಟರು. ಜ್ವರದ ಮಗುವನ್ನು ಎತ್ತಿಕೊಂಡಿದ್ದ ತಾಯಿಯೊಬ್ಬರು ಬಾಗಿಲಲ್ಲೇ ತಡೆದರು.

“ಎಂತ ಅಜ್ಜ, ಈಗ ಎಂಟನೇ ನಂಬರ್. ನಾನು ಹೋಗುದಲ್ವಾ?”

“ಇವರ ಕಂಪ್ಯೂಟರಲ್ಲಿ ಹನ್ನೆರಡು ಅಂತ ಉಂಟಲ್ಲ ಮಾರಾಯ್ತಿ.”

“ಅದು ಬರೀ ಸ್ಯಾಂಪಲ್ ಅಜ್ಜ, ಆ್ಯಪಲ್ಲಿ ಬರುದಿಲ್ಲ,” ಎಂದೆ.

“ಬರುದಿಲ್ಲ ಅಂತಾದ್ರೆ ಹಾಕಿದ್ದು ಎಂತಕ್ಕೆ?”

ಏಳು ವರ್ಷ ಇದೇ ಕೆಲಸ ಮಾಡಿದ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಮಗು ಬೇರೆ ಅಳುತ್ತಿತ್ತು. ಪ್ರಿವ್ಯೂನಲ್ಲಿ 12 ಅಳಿಸಿ 8 ಹಾಕಿದೆ. ಅಜ್ಜ ಅದನ್ನು ನೋಡಿ ವಾಪಸು ಬಂದು ಕುಳಿತರು, ತಾಯಿ ಮಗುವಿನೊಡನೆ ಒಳಗೆ ಹೋದರು.

ಹೊರಡಲು ಎದ್ದರೆ ರಿಸೆಪ್ಶನಿನ ಶೋಭಕ್ಕ ಬಿಡಬೇಕಲ್ಲ. “ಇನ್ನು ಒಂಬತ್ತು ಹಾಕಿ ಮಾರಾಯ್ರೆ. ನಾನು ಬಾಯಲ್ಲಿ ಹೇಳಿದ್ರೆ ಯಾರೂ ಕೇಳುದಿಲ್ಲ.”

ಮಧ್ಯಾಹ್ನದವರೆಗೆ ಅಲ್ಲೇ ಕುಳಿತು ಒಂದೊಂದೇ ನಂಬರ್ ಕೈಯಾರೆ ಬದಲಿಸಿ ಈಗ ಮನೆಗೆ ಬಂದಿದ್ದೇನೆ. ಆ್ಯಪ್ ತಯಾರಾಗಲು ಇನ್ನೂ ಒಂದು ತಿಂಗಳು ಬೇಕು. ಅಲ್ಲಿಯವರೆಗೆ ನಾಳೆಯಿಂದ ಒಂಬತ್ತು ಗಂಟೆಗೇ ನಾನು ಲ್ಯಾಪ್‌ಟಾಪ್ ಹಿಡಿದು ಹೋಗಬೇಕಂತೆ, ಶೋಭಕ್ಕನ ಅಪ್ಪಣೆ.