ಒಂದು ಹಿಡಿ ಗೋಧಿ ಹಿಟ್ಟು

ಜೋಳದ ನಾಡಿನಲ್ಲಿ ಹುಟ್ಟಿದವಳಿಗೆ ಗೋಧಿ ಆಗಿಬರದಿದ್ದರೆ ಏನು ತೊಂದರೆ ಎಂದು ನನ್ನನ್ನು ಕೇಳದವರಿಲ್ಲ. "ರೊಟ್ಟಿ ತಿಂದು ಆರಾಮ ಇರ್ರಿ, ಚಪಾತಿ ಬಿಟ್ರ ಪ್ರಾಣ ಹೋಗ್ತದೇನು?" ಎನ್ನುತ್ತಾರೆ. ಇವರು ಯಾರೂ ಕೈಯಲ್ಲಿ ಐವತ್ತು ರೂಪಾಯಿ ಹಿಡಿದು ಕಲಬುರಗಿ ಬಸ್ ನಿಲ್ದಾಣದ ಸುತ್ತ ಊಟ ಹುಡುಕಿದವರಲ್ಲ. ನಾನು ಹುಡುಕಿದ್ದೇನೆ. ಉಪ್ಪಿಟ್ಟು ಗೋಧಿ ರವೆಯದು, ಪೂರಿ ಗೋಧಿ ಹಿಟ್ಟಿನದು. ಇಡ್ಲಿ ಅಕ್ಕಿಯದೇ ಆದರೂ ಸಾಂಬಾರಿಗೆ ಹಾಕಿದ ಇಂಗಿನಲ್ಲಿ ಮೈದಾ ಬೆರೆತಿರುತ್ತದೆ. ಖಾನಾವಳಿಗಳಲ್ಲಿ ರೊಟ್ಟಿ ಬಡಿಯುವ ತಾಳ್ಮೆ ಈಗ ಯಾರಿಗಿದೆ? ಜೋಳದ ಹಿಟ್ಟಿಗೆ ಗೋಧಿ ಬೆರೆಸಿ ಲಟ್ಟಿಸಿ ಎಸೆಯುತ್ತಾರೆ. "ಇದರಾಗ ಗೋಧಿ ಹಾಕೀರೇನ್ರಿ?" ಎಂದು ಒಮ್ಮೆ ಕೇಳಿದ್ದಕ್ಕೆ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗ ಬೇಕಂದ್ರ ಹಾಕ್ತೀವ್ರಿ" ಎಂದ. ದೊಡ್ಡ ಅಂಗಡಿಗಳಲ್ಲಿ ಗೋಧಿಯ ಅಂಶವಿಲ್ಲದ ಬಿಸ್ಕತ್ತು ಸಿಗುತ್ತದೆ. ಅದರ ಬೆಲೆ ಓದಿದರೆ ಹಸಿವೇ ಇಂಗಿಹೋಗುತ್ತದೆ.

ನಾನು ಕಲಬುರಗಿಯ ಖೂಬಾ ಪ್ಲಾಟಿನ ಒಂದು ಬಾಡಿಗೆ ಕೋಣೆಯಲ್ಲಿರುವವಳು. ವಾರಕ್ಕೆರಡು ದಿನ ಕಮಲಾಪುರಕ್ಕೆ ಹೋಗಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತೇನೆ. ಕೆಲಸ ಗುತ್ತಿಗೆಯದು, ಮೇಲಿಂದ ಮೇಲೆ ಗೈರಾದರೆ ಮುಂದಿನ ವರ್ಷ ಮನೆಯಲ್ಲೇ ಕೂರಬೇಕು. ಹೆಂಗಸರಿಗೆ ಬಸ್ಸು ಪುಕ್ಕಟೆ ಆಯಿತು ಎಂದು ಎಲ್ಲರೂ ಕುಣಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಳಿದ ಮೇಲೆ ತಿನ್ನುವುದೇನು ಎಂಬ ಚಿಂತೆ ನನಗೆ ಮಾತ್ರ ಉಳಿಯಿತು. ಗೋಧಿಯೊಳಗಿನ ಗ್ಲುಟೆನ್ ಎಂಬ ಅಂಟು ನನ್ನ ಕರುಳನ್ನು ಸವೆಸುತ್ತಿದೆ, ಚಿಟಿಕೆಯಷ್ಟೂ ಬಾಯಿಗೆ ಹೋಗಕೂಡದು ಎಂದು ಡಾಕ್ಟರು ಹೇಳಿದಾಗ ನಾನು ಗಾಬರಿಯಾಗಲಿಲ್ಲ. ಕಮಲಾಪುರದಲ್ಲಿ ಅಕ್ಕನ ಮನೆ ಇತ್ತು.

ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ಹುಡುಗಿಯಾಗಿದ್ದಾಗ ಅವಳು ಅವ್ವನ ಜೊತೆ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ನೀರಡಿಕೆಯಾದರೆ ಹೊಲದೊಡತಿ ಬೊಗಸೆಗೆ ಮೇಲಿಂದ ನೀರು ಸುರಿದು, "ಕೊಡ ಮುಟ್ಟಬ್ಯಾಡ" ಎನ್ನುತ್ತಿದ್ದಳಂತೆ. ನಮ್ಮ ಜಾತಿಗೆ ಆಗ ಸಿಗುತ್ತಿದ್ದ ಮರ್ಯಾದೆ ಅದು. ಇದನ್ನು ಅಕ್ಕ ನನಗೆ ಒಂದೇ ಸಲ ಹೇಳಿದ್ದಾಳೆ. ಅದಕ್ಕೇ ಇರಬೇಕು, ತನ್ನ ಮನೆಗೆ ಬಂದವರಿಗೆ ತನ್ನ ಕೈಯಾರೆ ಬಡಿಸಿ, ಅವರು ಉಣ್ಣುವುದನ್ನು ಎದುರು ಕೂತು ನೋಡುವುದೆಂದರೆ ಅವಳಿಗೆ ಹಬ್ಬ.

ಅವಳ ರೊಟ್ಟಿಗೆ ಓಣಿಯಲ್ಲಿ ಹೆಸರಿತ್ತು. ಅಂಚು ಒಡೆಯದ, ಬೆಂಕಿಗೆ ಹಿಡಿದರೆ ಚೆಂಡಿನಂತೆ ಉಬ್ಬುವ ರೊಟ್ಟಿ. ನಮ್ಮಲ್ಲಿ ಹರಿದ ರೊಟ್ಟಿಯನ್ನು ಬಂದವರ ತಾಟಿಗೆ ಹಾಕುವುದಿಲ್ಲ. ಅದನ್ನು ಬಡಿದವಳೇ ಕೊನೆಗೆ ಒಲೆಯ ಮುಂದೆ ಕೂತು ತಿನ್ನಬೇಕು. ನನಗೆ ಗೋಧಿ ಆಗದೆಂದು ಕೇಳಿದ ದಿನ ಅಕ್ಕ ನಕ್ಕುಬಿಟ್ಟಳು. "ನಾ ಇರೂತನಕ ನಿನಗ ಯಾಕ ಚಿಂತಿ? ವಾರಕ್ಕೆರಡು ಸಲ ಬಾ, ಬಿಸಿ ಬಿಸಿ ಮಾಡಿ ಹಾಕ್ತೀನಿ" ಎಂದಳು.

ಹಾಗೆ ಒಂದು ವರ್ಷ ಅಲ್ಲಿ ಉಂಡೆ. ಪ್ರತಿ ಸಲವೂ ತಿರುಗಿ ಬಂದ ಮೇಲೆ ಹೊಟ್ಟೆ ಉಬ್ಬುತ್ತಿತ್ತು, ಬಾಯಿಯೆಲ್ಲ ಹುಣ್ಣು, ಎರಡು ದಿನ ಏಳಲಾಗುತ್ತಿರಲಿಲ್ಲ. ಕೂದಲು ಹಿಡಿ ಹಿಡಿಯಾಗಿ ಉದುರಿತು. ಕೆಲಸಕ್ಕೆ ಗೈರಾಗುವುದು ಹೆಚ್ಚಿತು. ಇನ್ನೊಂದು ಸಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಲಿನವರು ಮುಖಕ್ಕೆ ಹೇಳಿದರು. "ನೀವು ಎಲ್ಲೋ ಗೋಧಿ ತಿಂತಾ ಇದ್ದೀರಿ" ಎಂದು ಡಾಕ್ಟರು ನನ್ನನ್ನು ಕಳ್ಳಿಯಂತೆ ನೋಡಿದರು. ನಾನು ಸಿಕ್ಕವರ ಮೇಲೆಲ್ಲ ಹರಿಹಾಯ್ದೆ. ನೆಹರು ಗಂಜ್ ಮಾರುಕಟ್ಟೆಯಿಂದ ತಂದ ಜೋಳವನ್ನು ನೀನು ಗೋಧಿ ಬೀಸಿದ ಮೇಲೆ ಬೀಸಿದ್ದೀ ಎಂದು ಗಿರಣಿಯವನ ಜೊತೆ ಜಗಳವಾಡಿ ಅವನ ತಾಯಿಯನ್ನೂ ಬೈಗುಳಕ್ಕೆ ಎಳೆತಂದೆ. ಚಹಾದ ಗ್ಲಾಸಿನ ಮೇಲೂ ಅನುಮಾನಪಟ್ಟೆ. ಅಕ್ಕನ ತಾಟೊಂದರ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಒಂದು ದಿನ ಕರೆಂಟು ಹೋಗಿ ಹೊಲಿಗೆ ಯಂತ್ರಗಳು ನಿಂತವು. ತರಗತಿ ಬಿಟ್ಟು ಎರಡು ತಾಸು ಮೊದಲೇ ಅಕ್ಕನ ಮನೆಗೆ ಹೋದೆ. ಅವಳು ಬಾಗಿಲಿಗೆ ಬೆನ್ನು ಮಾಡಿ ಒಲೆಯ ಮುಂದೆ ಕೂತಿದ್ದಳು. ಪಕ್ಕದ ಬುಟ್ಟಿಯಲ್ಲಿ ನಾಲ್ಕೈದು ಹರಿದ ರೊಟ್ಟಿ ಬಿದ್ದಿದ್ದವು. ನಾನು ನೋಡುತ್ತಿದ್ದಂತೆಯೇ ಅವಳು ಇನ್ನೊಂದು ಡಬ್ಬಿಗೆ ಕೈಹಾಕಿ ಒಂದು ಹಿಡಿ ಗೋಧಿ ಹಿಟ್ಟು ತೆಗೆದು ಜೋಳದ ಹಿಟ್ಟಿಗೆ ಸುರಿದಳು, ಮೇಲೆ ಬಿಸಿ ಎಸರು ಹಾಕಿ ನಾದಿದಳು.

"ಏನ್ ಹಾಕಾಕತ್ತೀ ಅಕ್ಕಾ ಅದರಾಗ?"

ಅವಳು ಬೆಚ್ಚಿ ತಿರುಗಿದಳು. "ಒಂದೇ ಹಿಡಿ, ಇಷ್ಟಕ್ಕ ಏನಾಗ್ತದ ಅನ್ಕೊಂಡೆ. ಹಿಟ್ಟಿಗಿ ಜಿಗಿ ಬಂದು ಅಂಟ್ಕೊಳ್ಳಲಿ ಅಂತ. ಬೆರಳು ಮಡಚಾಕ ಬರವಲ್ದು, ಬಡದ್ರ ಹರೀತದ. ಹರದ ರೊಟ್ಟಿ ನಿನ್ನ ತಾಟಿಗಿ ಹೆಂಗ ಹಾಕ್ಲಿ?"

ಆಗಲೇ ನಾನು ಅವಳ ಕೈ ನೋಡಿದ್ದು. ಬೆರಳ ಗಂಟುಗಳು ಬಾತು ಸೊಟ್ಟಗಾಗಿದ್ದವು. ವರ್ಷವಿಡೀ ಆ ಕೈಯಿಂದ ಉಂಡವಳಿಗೆ ಅದು ಕಂಡಿರಲಿಲ್ಲ. ಅಲ್ಲಿಗೇ ಬಾಯಿ ಮುಚ್ಚಬಹುದಿತ್ತು. ಆದರೆ ವರ್ಷದ ನೋವು, ಡಾಕ್ಟರ ನೋಟ, ಗಿರಣಿಯವನಿಗೆ ಬೈದದ್ದು ಎಲ್ಲ ಒಟ್ಟಿಗೆ ನೆತ್ತಿಗೇರಿತು.

"ವರ್ಷ ಆತು ನನಗ ವಿಷ ಹಾಕಾಕತ್ತಿ! ಹರದದ್ದು ತಿಂದಿದ್ರ ಬದುಕ್ತಿದ್ದೆ ನಾ. ಇನ್ ಮ್ಯಾಲ ನಾ ತಿನ್ನೂದು ಏನೂ ಮುಟ್ಟಬ್ಯಾಡ ನೀ!"

ಅಕ್ಕ ಹಿಟ್ಟು ಮೆತ್ತಿದ ಕೈಯನ್ನು ನಾದುವ ಕೊಣಮಿಗೆಯಿಂದ ಮೇಲೆತ್ತಿದಳು, ಎಲ್ಲಿ ಇಡಬೇಕೆಂದು ತಿಳಿಯದವಳಂತೆ ಹಾಗೇ ಹಿಡಿದು ಕೂತಳು. ನಾನು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟೆ. ಅರ್ಧ ದಾರಿಯಲ್ಲಿ ನಾನು ಅಂದ ಮಾತು ನನಗೇ ಮತ್ತೆ ಕೇಳಿಸಿತು. ಹೊಲದೊಡತಿಯ ಮಾತು ಅದು. ನನ್ನ ಬಾಯಿಗೆ ಬೆಂಕಿ ಬೀಳಲಿ ಎಂದುಕೊಂಡೆ, ಆದರೆ ಇಳಿದು ತಿರುಗಿ ಹೋಗಲಿಲ್ಲ.

ಎರಡು ತಿಂಗಳು ನಾನೇ ಬೆಳಿಗ್ಗೆ ರೊಟ್ಟಿ ಬಡಿದು ಡಬ್ಬಿ ಕಟ್ಟಿಕೊಂಡು ಹೋದೆ. ಒಣಗಿ ಹಪ್ಪಳವಾದದ್ದನ್ನು ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೂತು ಶೇಂಗಾ ಚಟ್ನಿಪುಡಿಯ ಜೊತೆ ತಿಂದೆ. ಹೊಟ್ಟೆ ಸುಮ್ಮನಾಯಿತು, ಬಾಯಿಯ ಹುಣ್ಣು ಮಾಯಿತು, ಕೆಲಸವನ್ನೂ ಇನ್ನೊಂದು ವರ್ಷಕ್ಕೆ ಮುಂದುವರಿಸಿದರು. ಡಾಕ್ಟರು ರಕ್ತ ಪರೀಕ್ಷೆಯ ಹೊಸ ಕಾಗದ ನೋಡಿ ಶಾಬಾಸ್ ಎಂದರು. ನನಗೆ ಯಾವುದರಿಂದಲೂ ಸಂತೋಷವಾಗಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ನಾಚಿಕೆ ಬಿಟ್ಟು ಅಕ್ಕನ ಮನೆಗೆ ಹೋದೆ. ಕ್ಷಮೆ ಕೇಳಲು ಹೋದವಳು, ಹೊಸ್ತಿಲಲ್ಲೇ ಚಪ್ಪಲಿ ಬಿಡುತ್ತ ನಿಂತೆ. ಅವಳು "ಬಾ, ಕೂಡು" ಎಂದಳು. ಜಗಳದ ಸುದ್ದಿ ಎತ್ತಲಿಲ್ಲ. ಒಲೆ ತಣ್ಣಗಿತ್ತು. ನನ್ನ ಮುಂದೆ ತೊಳೆದ ತಾಟು ಇಟ್ಟಳು. ಗೂಟಕ್ಕೆ ಹಾಕಿದ್ದ ಚೀಲವನ್ನು ತೆಗೆದು, ಕೈ ಒಳಗೆ ಹಾಕದೆ, ತಾಟಿನ ಮೇಲೆ ಬೋರಲು ಮಾಡಿದಳು. ಕಮಲಾಪುರದ ಕೆಂಪು ಬಾಳೆಹಣ್ಣು, ಎರಡು.

ಆಮೇಲೆ ಗೋಡೆಯ ಕಡೆ ಸರಿದು, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಳು.

"ಸಿಪ್ಪಿ ನೀನೇ ಸುಲಕೋ ತಂಗಿ. ಅಂಗಡ್ಯಾಂವನೇ ಚೀಲಕ್ಕ ಹಾಕ್ಯಾನ, ನಾ ಮುಟ್ಟಿಲ್ಲ."