ಸಿಗರೇಟು ಪ್ಯಾಕಿನ ನಟಿಯನ್ನು ಮನೆ ತುಂಬಿಸಿಕೊಂಡದ್ದು

ಸಿಗರೇಟು ಸೇದದವನಿಗೂ ಸಿಗರೇಟಿನ ಚಟ ಹತ್ತುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನನಗೆ ಹತ್ತಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟು ಕಂಪನಿಗಳು ತೆಳು ಕಾಗದದ ಪ್ಯಾಕು ಮುದುಡದಿರಲೆಂದು ಒಳಗೊಂದು ರಟ್ಟು ಇಡುತ್ತಿದ್ದವು. ಬರೀ ರಟ್ಟು ಯಾಕೆ ದಂಡ ಎಂದು ಅದರ ಮೇಲೆ ವಿಲಾಯಿತಿ ನಾಟಕದ ನಟಿಯರ ಚಿತ್ರ ಅಚ್ಚುಹಾಕಿಸಿ, ಬೆನ್ನಿಗೆ ನಂಬರು ಕೊಟ್ಟರು. ಸೆಟ್ಟು ಪೂರ್ತಿ ಮಾಡುವ ಆಸೆಗೆ ಜನ ಪ್ಯಾಕಿನ ಮೇಲೆ ಪ್ಯಾಕು ಸೇದಿದರು. ಎಂಥ ವ್ಯಾಪಾರದ ತಲೆ! ರಾಮನಗರದಲ್ಲಿ ಸೈಕಲ್ ತುಳಿದು ಗುಜರಿ ಕೂಗಿ ಅಂಗಡಿ ಇಟ್ಟವನು ನಾನು. ಆ ತಲೆಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ಗುಜರಿಯಲ್ಲಿ ಸಿಕ್ಕ ಆ ರಟ್ಟುಗಳನ್ನು ಕೂಡಿಟ್ಟು ಮಾಡಿದ ನನ್ನ ಸೆಟ್ಟಿನಲ್ಲಿ ಒಬ್ಬಳೇ ಒಬ್ಬಳು ಕಮ್ಮಿಯಿದ್ದಳು. ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಬಂದು, ಜನ ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸುತ್ತಿದ್ದ ಕಾಲ. ಹಳೆ ಸಾಮಾನು ಈಚೆಗೆ ಬರುವುದೇ ಆಗ. ಹಾಗೆ ಹೋದ ಒಂದು ಮನೆಯಲ್ಲಿ ಸಿದ್ದಮ್ಮಜ್ಜಿ ಎಲೆಯಡಿಕೆ ಡಬ್ಬಿ ತೆಗೆದರು. ಒಳಗೆ ಅವಳು! ತಲೆಗೆ ಗರಿಯ ಟೋಪಿ, ಅಜ್ಜಿ ಮಗುಚಿದಾಗ ಬೆನ್ನಿನ ಮೇಲೆ ನನಗೆ ಬೇಕಾದದ್ದೇ ನಂಬರು. ಅಜ್ಜಿಯ ಮಾವನ ಅಪ್ಪ ಬೆಂಗಳೂರಿನಲ್ಲಿ ಇಂಗ್ಲಿಷ್ ದೊರೆಯೊಬ್ಬನ ಮನೆ ಅಡುಗೆಗಿದ್ದಾಗ ತಂದದ್ದಂತೆ.

ಚೌಕಾಸಿಯ ಮೊದಲ ಪಾಠ ಕೇಳಿಸಿಕೊಳ್ಳಿ: ಬೇಕಾದ ವಸ್ತುವನ್ನು ನೋಡಬಾರದು. ನಾನು ಹಿತ್ತಾಳೆ ಕೊಳಗಕ್ಕೆ ದರ ಕೇಳಿದೆ, ಮುರುಕು ಬಾಗಿಲಿಗೆ ಕೇಳಿದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತ, "ಬಾಯಲ್ಲಿ ಕೊಳಗ ಅಂತೀಯ, ಕಣ್ಣು ನಮ್ಮ ಹುಡ್ಗಿ ಮೇಲೈತಲ್ಲೋ!" ಎಂದರು.

"ಕೊಟ್ಬುಡವ್ವ, ಕೇಳಿದ್ದು ಕೊಡ್ತೀನಿ."

"ಹೆಣ್ಣ ದುಡ್ಡಿಗೆ ಮಾರ್ತಾರಾ ಯಾರಾದ್ರೂವ? ನಮ್ದು ಕೊಟ್ಟು ತರೋ ಸಂಬಂಧ ಕಣಪ್ಪ. ನಮ್ಮ ಹೆಣ್ಣು ನಿಮ್ಮನೆಗೆ, ನಿಮ್ಮ ಹೆಣ್ಣು ನಮ್ಮನೆಗೆ. ನಿನ್ ಕಡೆಯೋರ್ನೆಲ್ಲ ಕರ್ಕೊಂಡ್ ಬಾ, ನೋಡಾನ."

ಮರುದಿನ ಇಡೀ ಸೆಟ್ಟು ಹೊತ್ತು ಬಸ್ಸು ಹತ್ತಿದೆ. ಅಜ್ಜಿ ಚಾಪೆಯ ಮೇಲೆ ನಟಿಯರನ್ನು ಸಾಲಾಗಿ ಕೂರಿಸಿ ಶುರುಮಾಡಿದರು: "ಇವ್ಳಿಗೆ ಒಸಿ ಜಂಬ. ಇವ್ಳು ಮೊಸರು ಕಡಿಯೋಳಲ್ಲ, ಬುಡು." ಕೊನೆಗೆ ಎತ್ತಿಕೊಂಡದ್ದು ಬೀಸಣಿಗೆ ಹಿಡಿದವಳನ್ನು, ನನ್ನ ಅತಿ ಪ್ರೀತಿಯವಳನ್ನು!

"ಅಯ್ಯೋ ಅಜ್ಜಿ, ಸೆಟ್ಟಿಗೆ ಮತ್ತೆ ಒಬ್ಳು ಕಮ್ಮಿಯಾಗ್ಬುಟ್ಲಲ್ಲ!"

"ಅಳ್ಬೇಡ ಕಣ್ಲಾ. ಗೌರಿ ಹಬ್ಬಕ್ಕೆ ಬಂದು ನಿನ್ ಮಗಳ್ನ ತವರಿಗೆ ಕರ್ಕೊಂಡೋಗು."

ಗರಿಟೋಪಿಯವಳನ್ನು ಜೇಬಿಗಿಟ್ಟು ಕುಣಿಯುತ್ತ ಹೊರಟೆ. ವರ್ಷಕ್ಕೊಂದು ದಿನವಾದರೂ ಸೆಟ್ಟು ಪೂರ್ತಿ! ಬಸ್ಸಿನಲ್ಲಿ ಕೂತ ಮೇಲೆ ತಲೆಗೆ ಹೊಳೆಯಿತು: ಅವತ್ತೇ ನಮ್ಮನೆಗೆ ಬಂದ ಸೊಸೆಯನ್ನೂ ತವರಿಗೆ ಕಳಿಸಬೇಕಲ್ಲ!

ಬಿದ್ದು ಬಿದ್ದು ನಕ್ಕೆ. ನಿಮಗೂ ಕೂಡಿಡುವ ಹುಚ್ಚಿದ್ದರೆ ನನ್ನ ಮಾತು ಕೇಳಿ. ಸೆಟ್ಟು ಪೂರ್ತಿಯಾದರೆ ಗಾಜಿನ ಹಿಂದೆ ಹೋಗಿ ಧೂಳು ತಿನ್ನುತ್ತದೆ. ಒಬ್ಬಳು ಕಮ್ಮಿಯಿದ್ದರೆ ಬೀಗರ ಮನೆಯೊಂದು ಸಿಗುತ್ತದೆ. ಪ್ರತಿ ಗೌರಿ ಹಬ್ಬಕ್ಕೆ ನಾನು ಸೊಸೆಯನ್ನು ಬಿಟ್ಟು, ಒಬ್ಬಟ್ಟು ತಿಂದು, ಮಗಳನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತೇನೆ.