ಗಂಟಕ್ಕ ಮತ್ತು ನಾಲ್ಕನೇ ಗುಬ್ಬಿ

ಗಂಟಕ್ಕ ಎಂಬ ಹೆಸರಿಟ್ಟವರು ಕಾರ್ಖಾನೆಯವರು. ವಿಮಾನದ ರೆಕ್ಕೆಗೆ ಬಟ್ಟೆ ಹೊದಿಸಿ ಹೊಲಿಯುವುದು ಅವಳ ಕೆಲಸ. ಹೊಲಿಗೆಗೊಂದು ಗಂಟು, ಗಂಟಿಗೊಂದು ಅನುಮಾನ. ಬೇರೆಯವರು ಹಾಕಿದ ಗಂಟು ಕಣ್ಣಿಗೆ ಬಿದ್ದರೆ ಸಾಕು, ಕತ್ತರಿ ತಾನಾಗಿ ಕೈಗೆ ಬರುತ್ತಿತ್ತು. ಅದನ್ನು ಬಿಚ್ಚಿ ತಾನೇ ಮತ್ತೆ ಹೊಲಿದ ಮೇಲೆಯೇ ಅವಳಿಗೆ ಊಟ ಸೇರುತ್ತಿದ್ದುದು. ಮನೆಯಲ್ಲೂ ಅಷ್ಟೇ. ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತುದಿಯವರೆಗೆ ಹೋಗಿ, ಹಿಂದಿರುಗಿ ಬಂದು ಇನ್ನೊಮ್ಮೆ ಜಗ್ಗುವವಳು.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಒಂದೇ ಜಾತಿಯ ವಿಮಾನ. ಒಂಟಿ ಎಂಜಿನ್ನಿನ ಪುಟ್ಟ ಹಕ್ಕಿ. ಎಲ್ಲರ ಬಾಯಲ್ಲೂ ಅದು ಗುಬ್ಬಿ. ಮೊದಲನೇ ಗುಬ್ಬಿಗೆ ಎರಡೇ ಸೀಟು, ಬಟ್ಟೆಯ ರೆಕ್ಕೆ, ಬಾಲದಡಿ ಒಂದು ಪುಟಾಣಿ ಚಕ್ರ. ನೆಲದ ಮೇಲಿದ್ದಾಗ ಅದು ಮೂಗೆತ್ತಿಕೊಂಡೇ ನಿಲ್ಲುತ್ತಿದ್ದರಿಂದ ಓಡಿಸುವವನಿಗೆ ಮುಂದಿನ ದಾರಿಯೇ ಕಾಣುತ್ತಿರಲಿಲ್ಲ. ಹಾಗಾಗಿ ಎರಡನೆಯದರಲ್ಲಿ ಬಾಲದ ಚಕ್ರ ಕಿತ್ತು ಮೂಗಿನಡಿಗೆ ತಂದರು. ಬಾಲದಲ್ಲಿದ್ದದ್ದು ಮೂಗಿಗೆ ಬಂದರೆ ಬುದ್ಧಿ ಎಲ್ಲಿಗೆ ಹೋಯಿತೋ ಎಂದು ಗಂಟಕ್ಕ ತಿಂಗಳುಗಟ್ಟಲೆ ಗೊಣಗಿದಳು. ಮೂರನೆಯದಕ್ಕೆ ದೊಡ್ಡ ಎಂಜಿನ್ ಬಂತು, ಹಿಂದೆ ಇನ್ನೆರಡು ಸೀಟು ಬಂದವು, ಭಾರ ಹೆಚ್ಚಿತೆಂದು ಬಾಲವೂ ಅಗಲವಾಯಿತು. ಏನೇ ಬದಲಾದರೂ ರೆಕ್ಕೆ ಮಾತ್ರ ಬಟ್ಟೆಯದು, ಹೊಲಿಗೆ ಅವಳದು.

ಹೊಸ ಗುಬ್ಬಿಯನ್ನು ಮೊದಲು ಹಾರಿಸುವವನು ಅವಳ ತಮ್ಮ. ಅಪ್ಪ ಅಮ್ಮ ಬೇಗ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಸಾಕಿದ ತಮ್ಮ. ಅವನು ಹಾರಿ ಇಳಿಯುವ ತನಕ ಗಂಟಕ್ಕ ಮೈದಾನದಲ್ಲಿ ಕತ್ತು ಮೇಲೆತ್ತಿ ನಿಲ್ಲುತ್ತಿದ್ದಳು. ತಾನು ಮಾತ್ರ ಒಮ್ಮೆಯೂ ಹತ್ತಿದವಳಲ್ಲ. ಏಣಿಯ ಮೂರನೇ ಮೆಟ್ಟಿಲಿಗೇ ಅವಳ ತಲೆ ಗಿರ್ರೆನ್ನುತ್ತಿತ್ತು.

ಈಚೆಗೆ ಅವಳ ಅನುಮಾನಗಳಿಗೆ ರೆಕ್ಕೆಪುಕ್ಕ ಬಂದಿತ್ತು. ನೂಲಿನವನು ದಪ್ಪ ನೂಲು ಕೊಟ್ಟು ಮೋಸ ಮಾಡುತ್ತಿದ್ದಾನೆ, ಇಲ್ಲದಿದ್ದರೆ ಸೂಜಿಯ ಕಣ್ಣಿಗೆ ಅದು ಯಾಕೆ ಹೋಗದು? ಸೂಜಿಯವನೂ ಅವನ ಜೊತೆ ಸೇರಿದ್ದಾನೆ. ಮೇಸ್ತ್ರಿ ಬೇಕೆಂತಲೇ ತನ್ನ ಮೇಜಿಗೆ ಮಂಕು ಬಲ್ಬು ಹಾಕಿಸಿದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ, ನಾಲ್ಕನೇ ಗುಬ್ಬಿ. ಅದನ್ನು ಹಿಂದಿನ ಶೆಡ್ಡಿನಲ್ಲಿ ಬಾಗಿಲು ಮುಚ್ಚಿಕೊಂಡು ಕಟ್ಟುತ್ತಿದ್ದರು. ಅವಳು ಹತ್ತಿರ ಸುಳಿದರೆ ಒಳಗಿನ ಮಾತು ನಿಲ್ಲುತ್ತಿತ್ತು. ಈ ಸಲ ರೆಕ್ಕೆ ತಗಡಿನದಂತೆ, ಹಿಂಬದಿಗೂ ಒಂದು ದೊಡ್ಡ ಗಾಜಿನ ಕಿಟಕಿಯಂತೆ ಎಂದು ಯಾರೋ ಪಿಸುಗುಟ್ಟಿದರು.

"ಹಿಂದೆ ಯಾಕಪ್ಪ ಕಿಟಕಿ? ಆಕಾಶದಲ್ಲಿ ಯಾರಾದರೂ ಅಟ್ಟಿಸ್ಕೊಂಡು ಬರ್ತಾರಾ?" ಎಂದು ಅವಳು ತಮ್ಮನನ್ನೇ ಕೇಳಿದಳು. ಅವನು ನಕ್ಕು ಮಾತು ಬದಲಿಸಿದ.

ತಮ್ಮನ ಹೆಂಡತಿಯ ಮೇಲೂ ಕಣ್ಣು ಬಿತ್ತು. ಅವಳು ಅದೇ ಕಾರ್ಖಾನೆಯಲ್ಲಿ ಸೀಟುಗಳಿಗೆ ರೆಕ್ಸಿನ್ ಹೊಲಿಯುವವಳು. ಊಟಕ್ಕೆ ಕೂತಾಗ ಏನನ್ನೋ ಮುಚ್ಚಿಡುವವಳ ಹಾಗೆ ಬೆರಳು ಮಡಚಿಕೊಳ್ಳುತ್ತಿದ್ದಳು. ಬಡಿಸಲು ಬಗ್ಗಿದಾಗ ಮೇಣದ ವಾಸನೆ ಬಂತು. ರೆಕ್ಸಿನ್ನಿಗೆ ಮೇಣ ಬೇಡ. ಮೇಣ ತಿಕ್ಕುವುದು ರೆಕ್ಕೆಯ ನೂಲಿಗೆ. ಗಂಟಕ್ಕ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದಳು.

ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಅವಳು ಹಿಂದಿನ ಶೆಡ್ಡಿಗೆ ನುಗ್ಗಿದಳು. ರೆಕ್ಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಖಾಲಿ ಡಬ್ಬಿಯ ಹಾಗೆ ಸದ್ದು. ತಗಡೇ. ಬಾಲದ ಕಡೆ ಹೋದಳು. ವಿಮಾನವನ್ನು ಎಡಬಲ ತಿರುಗಿಸುವ ಚುಕ್ಕಾಣಿ ಮಾತ್ರ ಬಟ್ಟೆಯದು. ತಗಡು ಹೊದಿಸಿದರೆ ಭಾರವಾಗಿ, ಓಡಿಸುವವನ ಕಾಲಿನ ತುಳಿತಕ್ಕೆ ಬಗ್ಗದು. ಇನ್ನೂ ಬಣ್ಣ ಬಳಿಯದ ಬಿಳಿ ಬಟ್ಟೆ. ಅದರ ಮೇಲೆ ಬೇರೆಯವರ ಹೊಲಿಗೆ.

ತಮ್ಮನ ಜೀವ ಇನ್ನೊಬ್ಬರ ನೂಲಿನಲ್ಲಿ ನೇತಾಡುತ್ತಿದೆ. ಕತ್ತರಿ ಕೈಗೆ ಬಂತು.

"ಅದು ನಾನು ಹೊಲಿದದ್ದು, ಅತ್ತಿಗೆ."

ಬಾಗಿಲಲ್ಲಿ ತಮ್ಮನ ಹೆಂಡತಿ. ಅವಳ ಹಿಂದೆ ತಮ್ಮ, ಅವನ ಹಿಂದೆ ಮೇಸ್ತ್ರಿ.

"ನಿನಗೆ ಯಾರು ಕಲಿಸಿದ್ರು?"

"ನೀವೇ. ಊರವರದ್ದೆಲ್ಲ ಬಿಚ್ಚಿ ಬಿಚ್ಚಿ ಹೊಲಿಯೋರು ನೀವು. ನೋಡಿ ನೋಡಿ ಬಂತು."

"ನಾನು ಬದುಕಿರೋವಾಗ ನಿನಗೆ ಯಾಕೆ ಕೊಟ್ರು?"

ಮೇಸ್ತ್ರಿ ಶೆಡ್ಡಿನ ಸೂರು ನೋಡತೊಡಗಿದ. ಕೊನೆಗೆ ತಮ್ಮನ ಹೆಂಡತಿಯೇ ಹೇಳಿದಳು: "ಹೋದ ಸಲ ನಿಮ್ಮ ರೆಕ್ಕೆಯಲ್ಲಿ ಅಲ್ಲಲ್ಲಿ ಗಂಟು ತಪ್ಪಿತ್ತು. ಬಣ್ಣ ಬಳಿಯೋಕೆ ಮೊದಲು ನಾನೇ ಮತ್ತೆ ಹಾಕಿದೆ. ನಿಮಗೆ ಹೇಳೋ ಧೈರ್ಯ ಯಾರಿಗೂ ಬರಲಿಲ್ಲ. ಹಾರೋನು ನಿಮಗೆ ತಮ್ಮ, ನನಗೆ ಗಂಡ."

ಜಗತ್ತಿನ ಮೇಲೆಲ್ಲ ಅನುಮಾನಪಟ್ಟ ಗಂಟಕ್ಕ ತನ್ನ ಕಣ್ಣಿನ ಮೇಲೆ ಮಾತ್ರ ಎಂದೂ ಅನುಮಾನಪಟ್ಟಿರಲಿಲ್ಲ. ಸೂಜಿ ತೆಗೆದು ಮೂಗಿನ ಹತ್ತಿರ ಹಿಡಿದಳು: ಬರೀ ಮಂಜು. ಕೈ ನೀಡಿ ದೂರ ಹಿಡಿದಳು: ಸೂಜಿಯ ಕಣ್ಣು ಥಟ್ಟನೆ ತೆರೆಯಿತು. ನೂಲಿನವನೂ ಸೂಜಿಯವನೂ ಬಲ್ಬೂ ಒಂದೇ ಉಸಿರಿಗೆ ನಿರಪರಾಧಿಗಳಾದರು.

ಕತ್ತರಿಯನ್ನು ಕೆಳಗಿಟ್ಟಳು. ಚುಕ್ಕಾಣಿಯ ಮೇಲೆ ಹೆಬ್ಬೆರಳು ಆಡಿಸುತ್ತ ಒಂದೊಂದೇ ಗಂಟನ್ನು ಮುಟ್ಟಿ ನೋಡಿದಳು. ಎಲ್ಲೂ ಹೆಬ್ಬೆರಳು ಜಾರಲಿಲ್ಲ. ಆದರೂ ಹೇಳಿದ್ದು ಇಷ್ಟು: "ಬಿಚ್ಚಲ್ಲ. ಹಾಗಂತ ನಂಬೋದೂ ಇಲ್ಲ. ಮೊದಲ ಸಲ ಹಾರುವಾಗ ನಾನೂ ಕೂರ್ತೀನಿ."

ಮೇಸ್ತ್ರಿಗೆ ಗಾಬರಿ. ಮೊದಲ ಹಾರಾಟಕ್ಕೆ ಹಿಂದಿನ ಸೀಟಿನಲ್ಲಿ ಭಾರಕ್ಕೆಂದು ಮರಳಿನ ಮೂಟೆ ಕಟ್ಟುವುದೇ ಹೊರತು ಮನುಷ್ಯರನ್ನು ಕೂರಿಸುವ ರೂಢಿಯಿಲ್ಲ ಎಂದ. ತಮ್ಮನಂತೂ ಏಣಿಯ ಕಥೆ ನೆನಪಿಸಿದ.

"ಮರಳಿಗೆ ಕಣ್ಣಿಲ್ಲ ಮೇಸ್ತ್ರಿಗಳೇ," ಎಂದಳು ಗಂಟಕ್ಕ. "ನನಗೆ ದೂರದ್ದಾದರೂ ಕಾಣ್ಸುತ್ತೆ."

ಬಣ್ಣ ಬಳಿದು, ಅದು ಒಣಗಿ, ಬಟ್ಟೆ ತಮಟೆಯ ಹಾಗೆ ಬಿಗಿದ ಮೇಲೆ ನಾಲ್ಕನೇ ಗುಬ್ಬಿ ಮೈದಾನಕ್ಕೆ ಬಂತು. ಅವಳ ಹಟದ ಮುಂದೆ ಯಾರ ಆಟವೂ ನಡೆಯಲಿಲ್ಲ. ಅವಳ ತೂಕದಷ್ಟು ಮರಳು ಇಳಿಸಿ ಅವಳನ್ನು ಹತ್ತಿಸಿದರು. ಸೀಟಿನ ಮೇಲೆ ಮೊಣಕಾಲೂರಿ, ಹಿಂದಕ್ಕೆ ತಿರುಗಿ, ಸೀಟಿನ ಬೆನ್ನು ತಬ್ಬಿ, ಬೇಡವೆಂದಿದ್ದ ಆ ಹಿಂದಿನ ಗಾಜಿಗೆ ಮುಖ ಕೊಟ್ಟು ಕೂತಳು. ಎಂಜಿನ್ ಗುಡುಗಿತು, ನೆಲ ಜಾರಿತು. ಕೆಳಗೆ ಊರು, ಕೆರೆ, ಕಾರ್ಖಾನೆಯ ಸೂರು ಏನೇನು ಹಾದುಹೋದವೋ ಅವಳಿಗೆ ಗೊತ್ತಿಲ್ಲ. ಅವಳ ಕಣ್ಣು ಆ ಚುಕ್ಕಾಣಿಯ ಮೇಲೆ. ಅದು ಎಡಕ್ಕೆ ಹೊರಳಿದರೆ ಉಸಿರು ಹಿಡಿದಳು, ಬಲಕ್ಕೆ ಹೊರಳಿದರೆ ಬಿಟ್ಟಳು. ದೂರದಿಂದ ಪ್ರತಿ ಸಾಲೂ ಗೆರೆ ಎಳೆದಷ್ಟು ನೇರವಾಗಿ ಕಾಣುತ್ತಿತ್ತು.

ತಮ್ಮನ ಭುಜ ಬಿಗಿಯಾಗಿ ಹಿಡಿದುಕೊಂಡೇ ಕೆಳಗಿಳಿದಳು. ಮೇಲಿನಿಂದ ಊರು ಹೇಗಿತ್ತು ಎಂದು ಮೇಸ್ತ್ರಿ ಕೇಳಿದ್ದಕ್ಕೆ, ನೋಡಲಿಲ್ಲ ಎಂದಳು. ತಮ್ಮನ ಹೆಂಡತಿ ನೀರಿನ ಲೋಟ ಹಿಡಿದು ಓಡಿ ಬಂದಳು.

"ಮೇಲಿಂದ ಮೂರನೇ ಸಾಲು ಅಲ್ಲಾಡ್ತಾ ಇತ್ತು," ಎಂದಳು ಗಂಟಕ್ಕ.

"ಅಲ್ಲಾಡಿದ್ದು ನೀವು, ಅತ್ತಿಗೆ."

ಗಂಟಕ್ಕ ನೀರು ಕುಡಿದು ಲೋಟ ಕೊಟ್ಟಳು. ಆ ಮಾತನ್ನೂ ಅವಳು ಪೂರ್ತಿ ನಂಬಲಿಲ್ಲ. ಬಾಲದ ಹತ್ತಿರ ಹೋಗಿ ಮೂರನೇ ಸಾಲಿನ ಮೇಲೆ ಹೆಬ್ಬೆರಳು ಎಳೆದಳು. ಆಮೇಲೆ ಜೇಬಿನಿಂದ ಸೂಜಿ, ನೂಲು ತೆಗೆದು, ಯಾರ ಮುಖವನ್ನೂ ನೋಡದೆ ಹಿಂದಕ್ಕೆ ಚಾಚಿದಳು.

"ಪೋಣಿಸಿಕೊಡು. ಐದನೇ ಗುಬ್ಬಿಯ ಚುಕ್ಕಾಣಿಗೆ ಒಂದು ಪಕ್ಕ ನಿಂದು, ಒಂದು ಪಕ್ಕ ನಂದು. ನನ್ನ ಪಕ್ಕ ನೀನು ನೋಡು. ನಿನ್ನ ಪಕ್ಕ ನಾನು ದೂರ ನಿಂತು ನೋಡ್ತೀನಿ."